ಹಸಿವು, ಹಗೆ ಮತ್ತು ದತ್ತಿ: ಬೆಳ್ವೊಲದ ನೆಲದಲ್ಲಿ ನಿಂತು ಕೆಲವು ಶಾಸನಗಳ ಓದು

ಶಿರಗುಪ್ಪಿಯಿಂದ ಗದಗಿನ ದಾರಿ ಹಿಡಿದು ಪೂರ್ವಕ್ಕೆ ಹೊರಟರೆ ಇಕ್ಕೆಲದಲ್ಲೂ ಕಪ್ಪು ಎರೆಭೂಮಿ. ಮಳೆ ಬಂದರೆ ಬಂಗಾರ, ತಪ್ಪಿದರೆ ಬಿರುಕು. ಸ್ವಲ್ಪ ಹೊತ್ತಿಗೆ ಅಣ್ಣಿಗೇರಿ ಸಿಗುತ್ತದೆ. ಸಾಹಿತ್ಯದ ವಿದ್ಯಾರ್ಥಿಗೆ ಅದು ಪಂಪನ ನೆನಪಿನ ಊರು. ಶಿಲ್ಪದ ವಿದ್ಯಾರ್ಥಿಗೆ ಅಮೃತೇಶ್ವರನ ಊರು. 2010ರಲ್ಲಿ ಅದಕ್ಕೆ ಇನ್ನೊಂದು ಹೆಸರು ಸೇರಿತು. ಚರಂಡಿಗೆಂದು ನೆಲ ಅಗೆಯುತ್ತಿದ್ದಾಗ ಮನುಷ್ಯರ ತಲೆಬುರುಡೆಗಳು ಹೊರಬಂದವು. ಒಂದೆರಡಲ್ಲ, ಸಾಲುಸಾಲಾಗಿ ಜೋಡಿಸಿಟ್ಟ ನೂರಾರು ಬುರುಡೆಗಳು. ನೋಡಲು ಸುತ್ತಲಿನ ಹಳ್ಳಿಗಳ ಜನವೆಲ್ಲ ನೆರೆಯಿತು.

ಆ ದಿನಗಳಲ್ಲಿ ಎದ್ದ ಎರಡು ಊಹೆಗಳನ್ನು ನಾನು ಮರೆತಿಲ್ಲ. ಇದು ಯಾವುದೋ ದಾಳಿಯಲ್ಲಿ ನಡೆದ ಕಗ್ಗೊಲೆ ಎಂದರು ಕೆಲವರು. ಕೊಂದವರು ಯಾರು, ಸತ್ತವರು ಯಾವ ಮತದವರು ಎಂಬ ಪ್ರಶ್ನೆಯೂ ಬೆನ್ನಲ್ಲೇ ಬಂತು. ಅಲ್ಲ, ಇದು ಡೋಗಿ ಬರದಲ್ಲಿ ಹಸಿದು ಸತ್ತವರ ರಾಶಿ ಎಂದರು ಇನ್ನು ಕೆಲವರು. ಒಂದೇ ಎಲುಬಿನ ರಾಶಿ. ಒಬ್ಬರಿಗೆ ಅದು ಹಗೆಯ ಸಾಕ್ಷಿ, ಮತ್ತೊಬ್ಬರಿಗೆ ಹಸಿವಿನ ಸಾಕ್ಷಿ. ಆ ವಿವಾದವನ್ನು ಇಲ್ಲಿ ಬಗೆಹರಿಸಲು ನಾನು ಹೊರಟಿಲ್ಲ. ಹಗೆ ಮತ್ತು ಹಸಿವು ಇವೆರಡನ್ನು ನಾವು ಇಷ್ಟು ಸಲೀಸಾಗಿ ಅದಲುಬದಲು ಮಾಡುತ್ತೇವಲ್ಲ, ಆ ಅಭ್ಯಾಸವನ್ನು ಕುರಿತು ಈ ಬರಹ. ಬಡತನಕ್ಕೆ ಮತಾಭಿಮಾನ ಸೇರಿದರೆ ಹಿಂಸೆ ಹುಟ್ಟುತ್ತದೆ ಎಂಬ ಮಾತು ಇಂದು ಪತ್ರಿಕೆಗಳಲ್ಲಿಯೂ ವಿಚಾರಸಂಕಿರಣಗಳಲ್ಲಿಯೂ ಗಾದೆಯಷ್ಟು ಸವೆದಿದೆ. ನಮ್ಮ ಸೀಮೆಯ ಶಾಸನ, ಕಾವ್ಯಗಳಲ್ಲಿ ಆ ಮಾತು ಎಷ್ಟರಮಟ್ಟಿಗೆ ನಿಲ್ಲುತ್ತದೆ ಎಂದು ನೋಡಬೇಕಾಗಿದೆ.

ಅಣ್ಣಿಗೇರಿಯಿಂದಲೇ ತೊಡಗೋಣ. ಬೆಳ್ವೊಲ ಮುನ್ನೂರನ್ನು ಆಳುತ್ತಿದ್ದ ಗಂಗ ಬೂತುಗನು ಅಲ್ಲಿ ಕಟ್ಟಿಸಿದ ಗಂಗಪೆರ್ಮಾಡಿ ಜಿನಾಲಯಕ್ಕೆ ಊರುಗಳ ದತ್ತಿಯಿತ್ತು. ಹನ್ನೊಂದನೆಯ ಶತಮಾನದ ನಡುವೆ ಚೋಳರ ದಂಡು ಬೆಳ್ವೊಲದ ಮೇಲೆ ಬಿದ್ದಾಗ ಬಸದಿಗಳಿಗೆ ಬೆಂಕಿ ಬಿದ್ದಿತು. ಈ ಸಂಗತಿಯನ್ನು ಹೇಳುವುದು ಗದಗಿನ ಬಳಿಯ ಗಾವರವಾಡದ ಶಾಸನ. ಚೋಳನು ತನ್ನ ಕುಲಾಚಾರವನ್ನು ಬಿಟ್ಟು ಈ ಪಾಪಕ್ಕೆ ಇಳಿದನೆಂದೂ ಅದರ ಫಲವಾಗಿ ರಣದಲ್ಲಿ ಚಾಲುಕ್ಯ ಸೋಮೇಶ್ವರನಿಗೆ ತಲೆಯೊಪ್ಪಿಸಿದನೆಂದೂ ಅದು ಬರೆಯುತ್ತದೆ. ಮುಂದೆ 1071-72ರಲ್ಲಿ ಇಮ್ಮಡಿ ಸೋಮೇಶ್ವರನ ಕಾಲಕ್ಕೆ ಮಹಾಮಂಡಲೇಶ್ವರ ಲಕ್ಷ್ಮರಸನು ಆ ದತ್ತಿಗಳನ್ನು ಮತ್ತೆ ನಡೆಯುವಂತೆ ಮಾಡಿದನು.

ಇಲ್ಲಿ ಸುಟ್ಟವರು ಬಡವರಲ್ಲ. ಆ ಕಾಲದ ದಕ್ಷಿಣ ಭಾರತದ ಅತಿ ಶ್ರೀಮಂತ ಪ್ರಭುತ್ವದ ಸೈನಿಕರು. ಅವರದು ಜೈನದ್ವೇಷವೇ ಎಂದು ಹೇಳುವುದಕ್ಕೂ ನಾನು ಹಿಂಜರಿಯುತ್ತೇನೆ. ಚೋಳರ ನಾಡಿನಲ್ಲಿಯೇ ಜೈನ ಪಳ್ಳಿಗಳು ದಾನ ಪಡೆದಿವೆ. ವೈರಿಯ ನಾಡಿನ ಆಯಕಟ್ಟಿನ ಸಂಸ್ಥೆಯನ್ನು ಮುರಿಯುವುದು ದಂಡಿನ ಕ್ರಮವಾಗಿತ್ತು. ಬಸದಿ ಎಂದರೆ ಪೂಜೆಯ ಮನೆ ಮಾತ್ರವಲ್ಲ, ಹೊಲ, ತೋಟ, ಗಾಣ, ಸುಂಕಗಳ ಆದಾಯ ಬಂದು ಸೇರುವ ಕಣಜ. ಋಷಿಯರ ಆಹಾರದಾನಕ್ಕೆ, ಒಡೆದುದರ ಜೀರ್ಣೋದ್ಧಾರಕ್ಕೆ ಎಂದು ನಮ್ಮ ದಾನಶಾಸನಗಳು ಹೇಳುವಾಗ ಆ ಕಣಜದ ಬಾಗಿಲೇ ತೆರೆದು ಕಾಣುತ್ತದೆ. ಈ ಕಣಜವನ್ನು ಮನಸ್ಸಿನಲ್ಲಿಟ್ಟುಕೊಂಡೇ ಮುಂದಿನ ಶತಮಾನದ ಕತೆಗಳನ್ನು ಓದಬೇಕು.

ಪುಲಿಗೆರೆ, ಎಂದರೆ ಇಂದಿನ ಲಕ್ಷ್ಮೇಶ್ವರ, ಆ ಕತೆಗಳಿಗೆಲ್ಲ ಒಂದು ಕೂಡುದಾರಿ. ಹರಿಹರನ ಆದಯ್ಯನ ರಗಳೆಯನ್ನೂ ರಾಘವಾಂಕನ ಸೋಮನಾಥ ಚಾರಿತ್ರವನ್ನೂ ಓದಿದವರಿಗೆ ವಸ್ತು ಪರಿಚಿತ. ಸೌರಾಷ್ಟ್ರದಿಂದ ವ್ಯಾಪಾರಕ್ಕೆ ಬಂದ ಆದಯ್ಯ ಜೈನರ ಮನೆಯ ಪದ್ಮಾವತಿಯನ್ನು ಮೆಚ್ಚಿ ಮದುವೆಯಾಗುತ್ತಾನೆ. ಶಿವಭಕ್ತರಿಗೆಂದು ಮಾಡಿದ ಅಡುಗೆ ಜೈನ ಮುನಿಗಳ ಪಾಲಾಗುತ್ತದೆ. ಅಲ್ಲಿಂದ ಜಗಳ, ಶಪಥ, ಸೌರಾಷ್ಟ್ರದ ಸೋಮನಾಥನನ್ನು ತಂದು ಸುರಹೊನ್ನೆಯ ಬಸದಿಯಲ್ಲಿ ನಿಲ್ಲಿಸುವ ಪ್ರಸಂಗ. ಕಾವ್ಯದ ಭಕ್ತಿಯ ಅಬ್ಬರದಲ್ಲಿ ನಾವು ಆ ಊಟದ ಎಲೆಯನ್ನು ಮರೆತುಬಿಡುತ್ತೇವೆ. ಯಾರಿಗೆ ಮೊದಲು ಬಡಿಸಬೇಕು? ಜಗಳದ ಮೊಳಕೆ ಅಲ್ಲಿದೆ. ಗಮನಿಸಿ, ಅಲ್ಲಿ ಯಾರೂ ಹಸಿದಿರಲಿಲ್ಲ. ಅಳಿಯನೂ ಸೆಟ್ಟಿ, ಮಾವನೂ ಸೆಟ್ಟಿ. ಕೆಣಕಿದ್ದು ಹಸಿವಲ್ಲ, ಅವಮಾನ.

ಪುಲಿಗೆರೆಯ ಸೋಮನಾಥನೇ ಏಕಾಂತದ ರಾಮಯ್ಯನನ್ನು ಅಬ್ಬಲೂರಿಗೆ ಕಳಿಸಿದನೆಂದು ಅಬ್ಬಲೂರಿನ ಶಾಸನ ಹೇಳುತ್ತದೆ. ಹಾವೇರಿ ಜಿಲ್ಲೆಯ ಈ ಊರನ್ನು ಸರ್ವಜ್ಞನ ಹುಟ್ಟೂರೆಂದು ನೆನೆಯುವವರೇ ಹೆಚ್ಚು. ಆದರೆ ಕರ್ನಾಟಕದ ಮತಸಂಘರ್ಷದ ಚರಿತ್ರೆಗೆ ಇಷ್ಟು ವಿವರವಾದ, ಘಟನೆಗೆ ಇಷ್ಟು ಹತ್ತಿರವಾದ ದಾಖಲೆ ಇನ್ನೊಂದಿಲ್ಲ. ಸುಮಾರು 1200ರ ಹೊತ್ತಿಗೆ ಕೆತ್ತಿಸಿದ ಇದನ್ನು ಫ್ಲೀಟ್ ಎಪಿಗ್ರಾಫಿಯಾ ಇಂಡಿಕಾದ 5ನೆಯ ಸಂಪುಟದಲ್ಲಿ ಸಂಪಾದಿಸಿದ್ದಾನೆ. ಸಾಹಿತ್ಯದ ವಿದ್ಯಾರ್ಥಿಗಳು ಹರಿಹರನ ಪಕ್ಕದಲ್ಲಿಟ್ಟು ಇದನ್ನು ಓದಲೇಬೇಕು.

ಶಾಸನದ ಕತೆ ಹೀಗೆ. ಆಳಂದೆಯಿಂದ ಬಂದ ರಾಮಯ್ಯ ಅಬ್ಬಲೂರಿನ ಬ್ರಹ್ಮೇಶ್ವರ ದೇವಾಲಯದಲ್ಲಿ ಶಿವಾರಾಧನೆಯಲ್ಲಿದ್ದಾನೆ. ಸಂಕಗಾವುಂಡನೇ ಮೊದಲಾದ ಜೈನರು ಅಲ್ಲಿಗೆ ಬಂದು ಜಿನನೇ ದೈವವೆಂದು ಹಾಡತೊಡಗುತ್ತಾರೆ. ಮಾತಿಗೆ ಮಾತು ಬೆಳೆದು ಪಣಕ್ಕೆ ಮುಟ್ಟುತ್ತದೆ. ರಾಮಯ್ಯ ತನ್ನ ತಲೆಯನ್ನು ಕತ್ತರಿಸಿ ಶಿವನಿಗರ್ಪಿಸಿ ಮರಳಿ ಪಡೆದರೆ ಜಿನನನ್ನು ಕಿತ್ತು ಶಿವನನ್ನು ನಿಲ್ಲಿಸುತ್ತೇವೆಂದು ಜೈನರು ಓಲೆ ಬರೆದುಕೊಡುತ್ತಾರೆ. ಏಳು ದಿನಗಳ ಬಳಿಕ ತಲೆ ಗಾಯದ ಗುರುತೂ ಇಲ್ಲದೆ ಕೂಡಿಕೊಳ್ಳುತ್ತದೆ. ಜೈನರು ಓಲೆಯಂತೆ ನಡೆಯುವುದಿಲ್ಲ. ಕಾವಲಿಗಿದ್ದ ಕುದುರೆಗಳನ್ನೂ ಆಳುಗಳನ್ನೂ ಚದುರಿಸಿ ರಾಮಯ್ಯ ಜಿನಬಿಂಬವನ್ನು ಒಡೆಯುತ್ತಾನೆ. ದೂರು ಬಿಜ್ಜಳನ ಬಳಿಗೆ ಹೋಗುತ್ತದೆ. ಮತ್ತೊಮ್ಮೆ ತಲೆ ಕೊಡಲು ಸಿದ್ಧ, ಜೈನರು ಪುಲಿಗೆರೆಯ ಆನೆಸೆಜ್ಜೆಯ ಬಸದಿ ಮೊದಲಾದ ತಮ್ಮ ಬಸದಿಗಳನ್ನೆಲ್ಲ ಪಣಕ್ಕೊಡ್ಡಲಿ ಎಂದು ರಾಮಯ್ಯ ಸವಾಲು ಹಾಕುತ್ತಾನೆ. ಜೈನರು ಹಿಂಜರಿಯುತ್ತಾರೆ. ಬಿಜ್ಜಳನು ಸಭೆಯಲ್ಲಿ ರಾಮಯ್ಯನಿಗೆ ಜಯಪತ್ರ ಕೊಡುತ್ತಾನೆ.

ಜೈನ ಓದುಗನಾಗಿ ಈ ಶಾಸನವನ್ನು ಮೊದಲ ಸಲ ಓದಿದಾಗ ನನಗಾದದ್ದು ನೋವು, ಅದನ್ನು ಮುಚ್ಚಿಡುವುದಿಲ್ಲ. ಎರಡನೆಯ ಸಲ ಓದಿದಾಗ ಕಣ್ಣಿಗೆ ಬಿದ್ದದ್ದು ಸಂಕಗಾವುಂಡನ ಕುದುರೆಗಳು. ಊರ ಗಾವುಂಡ, ಆಳುಕಾಳು, ಕುದುರೆ, ಓಲೆ ಬರೆದು ಅದನ್ನು ತಳ್ಳಿಹಾಕುವ ಧೈರ್ಯ: ಇದು ಬಲವುಳ್ಳವರ ಚಿತ್ರ. ಅನ್ಯರ ಗುಡಿಗೆ ಹೋಗಿ ತಮ್ಮ ದೇವರನ್ನು ಕೊಂಡಾಡುವುದು ಬಲವಿದ್ದವರಿಗೆ ಮಾತ್ರ ಸಾಧ್ಯ. ಎದುರಾಳಿಯೇ ಬರೆಸಿದ ದಾಖಲೆ ಇದು ಎಂಬ ಎಚ್ಚರ ಬೇಕು, ನಿಜ. ಆದರೂ ನಮ್ಮವರನ್ನು ಕೇವಲ ನಿಷ್ಪಾಪಿ ಬಲಿಗಳೆಂದು ಚಿತ್ರಿಸುವ ಬರಹಗಳಿಗೆ ಈ ಕುದುರೆಗಳು ಅಡ್ಡ ನಿಲ್ಲುತ್ತವೆ.

ಮೂರನೆಯ ಓದಿನಲ್ಲಿ ಉಳಿಯುವುದು ಶಾಸನದ ಕೊನೆಯ ಭಾಗ. ಪವಾಡ ಮುಗಿದ ಮೇಲೆ ಅಲ್ಲಿ ಬರುವುದು ಭೂಮಿಯ ವಿವರ. ಬಿಜ್ಜಳನು ಅಬ್ಬಲೂರಿನ ವೀರಸೋಮನಾಥನಿಗೆ ಗೋಗಾವೆ ಎಂಬ ಊರನ್ನು ಕೊಟ್ಟ; ನಾಲ್ವಡಿ ಸೋಮೇಶ್ವರನು ಅಬ್ಬಲೂರನ್ನೇ ಕೊಟ್ಟ; ಹಾನಗಲ್ಲಿನ ಕದಂಬ ಕಾಮದೇವನು ಮಳವಳ್ಳಿಯನ್ನು ಕೊಟ್ಟ. ಮೂರು ಆಳ್ವಿಕೆ, ಮೂರು ಊರು. ರಾಜವಂಶ ಬದಲಾದರೂ ದತ್ತಿ ಬೆಳೆಯಿತು. ಪವಾಡದ ಕತೆ ಕಲ್ಲಿಗೆ ಏರಿದ್ದು ಈ ದತ್ತಿಗಳ ಹಕ್ಕುಪತ್ರವಾಗಿ. ರಾಮಯ್ಯನ ವೈಯಕ್ತಿಕ ಶ್ರದ್ಧೆ ನಿಜವೇ ಇದ್ದೀತು, ಅದನ್ನು ಅಲ್ಲಗಳೆಯಲು ನಾನು ಯಾರು? ಆದರೆ ಒಡೆದ ಬಿಂಬದ ಜಾಗದಲ್ಲಿ ನೆಲೆಗೊಂಡದ್ದು ಭಕ್ತಿಯೊಂದೇ ಅಲ್ಲ, ಮೂರು ಊರುಗಳ ಹುಟ್ಟುವಳಿ. ಆ ಊರುಗಳಲ್ಲಿ ಉತ್ತು ಬಿತ್ತಿದವರ ಹೆಸರು ಒಂದೂ ಇಲ್ಲ. ಒಡೆಯ ಬದಲಾದ, ಮೇಟಿ ಹಿಡಿದವನ ಪಾಡು ಬದಲಾದಂತೆ ಕಾಣುವುದಿಲ್ಲ.

ಹಾಗಾದರೆ ಬಡವರು ಈ ಚರಿತ್ರೆಯೊಳಕ್ಕೆ ಬರುವುದು ಎಲ್ಲಿ? ಕಲ್ಯಾಣದಲ್ಲಿ. ಹನ್ನೆರಡನೆಯ ಶತಮಾನದ ಶರಣರ ಕೂಟದಲ್ಲಿ ಅಂಬಿಗ, ಮಡಿವಾಳ, ಸಮಗಾರ, ಕಟ್ಟಿಗೆ ಹೊರುವವ ತಮ್ಮ ತಮ್ಮ ಹೆಸರಿನಿಂದಲೇ ಮಾತನಾಡಿದರು. ಕಾಯಕಕ್ಕೆ ಮಾನ ಬಂದಾಗ ಬಡತನದ ಅರ್ಥವೇ ಬದಲಾಯಿತು. ಪರಂಪರೆ ಹೇಳುವಂತೆ ಸಮಗಾರ ಹರಳಯ್ಯನ ಮಗನಿಗೂ ಬ್ರಾಹ್ಮಣ ಮೂಲದ ಮಧುವರಸನ ಮಗಳಿಗೂ ಮದುವೆಯಾಯಿತು; ಬಿಜ್ಜಳನು ತಂದೆಯರಿಬ್ಬರನ್ನೂ ಕ್ರೂರವಾಗಿ ಕೊಲ್ಲಿಸಿದನು; ಬಸವಣ್ಣ ಕೂಡಲಸಂಗಮಕ್ಕೆ ಹೊರಟನು; ಜಗದೇವ ಮತ್ತು ಸಂಗಡಿಗರು ಬಿಜ್ಜಳನನ್ನು ಇರಿದರು. ಕಾಲ 1167-68ರ ಆಸುಪಾಸು. ಬಿಜ್ಜಳನ ಕಡೆಯ ದಿನಗಳ ಬಗ್ಗೆ ಕಳಚುರಿ ಶಾಸನಗಳೂ ಪುರಾಣಗಳೂ ಒಂದೇ ಮಾತು ಆಡುವುದಿಲ್ಲ. ಆದರೆ ಕನ್ನಡದ ನೆನಪು ಈ ಕೊಲೆಯನ್ನು ಬಿಟ್ಟುಕೊಟ್ಟಿಲ್ಲ. ಲಂಕೇಶರ ಸಂಕ್ರಾಂತಿಯಿಂದ ಕಾರ್ನಾಡರ ತಲೆದಂಡದವರೆಗೆ ನಮ್ಮ ರಂಗಭೂಮಿ ಮತ್ತೆ ಮತ್ತೆ ಅಲ್ಲಿಗೇ ಮರಳಿದೆ.

ಕಲ್ಯಾಣದ ಪ್ರಸಂಗದಲ್ಲಿ ಮೂರು ಎಳೆಗಳು ಒಂದಕ್ಕೊಂದು ಹೆಣೆದುಕೊಂಡಿವೆ. ಹೊಸದಾಗಿ ದಕ್ಕಿದ ಮಾನ, ಅದನ್ನು ಬಹಿರಂಗವಾಗಿ ತುಳಿದ ಪ್ರಭುತ್ವ, ಪ್ರತೀಕಾರಕ್ಕೆ ಧರ್ಮದ ಹೆಸರು. ಹರಳಯ್ಯನ ಬಡತನ ಹಳೆಯದು, ತಲೆಮಾರುಗಳದು; ಅದರಿಂದ ಕತ್ತಿ ಹಿರಿಯಲಿಲ್ಲ. ಏರಿದ ಮೆಟ್ಟಿಲಿನಿಂದ ದಬ್ಬಿದಾಗ ಹಿರಿಯಿತು. ಟೆಡ್ ಗರ್ ಎಂಬ ರಾಜಕೀಯ ಶಾಸ್ತ್ರಜ್ಞ 1970ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ಜನ ದಂಗೆಯೇಳುವುದು ಇಲ್ಲದಿರುವಿಕೆಯಿಂದಲ್ಲ, ತಮಗೆ ಸಲ್ಲಬೇಕೆಂದು ನಂಬಿದ್ದಕ್ಕೂ ಸಂದದ್ದಕ್ಕೂ ನಡುವಿನ ಅಂತರದಿಂದ ಎಂದು ವಾದಿಸಿದ. ಭಯೋತ್ಪಾದಕರ ಹಿನ್ನೆಲೆಯನ್ನು ಪರಿಶೀಲಿಸಿದ ಕ್ರೂಗರ್ ಮತ್ತು ಮಲೆಚ್ಕೊವಾ 2003ರಲ್ಲಿ, ಬಡತನಕ್ಕೂ ಅಂಥ ಕೃತ್ಯಗಳಿಗೂ ನೇರ ಸಂಬಂಧ ಕಾಣುವುದು ಕಷ್ಟವೆಂಬ ನಿಲುವಿಗೆ ಬಂದರು. ಈ ಪಾಶ್ಚಾತ್ಯ ಪಂಡಿತರನ್ನು ಕಲ್ಯಾಣಕ್ಕೆ ಕರೆತರುವುದು ಅನಿವಾರ್ಯವೇನಲ್ಲ, ಆದರೆ ಕರೆತಂದರೆ ಅವರಿಗೆ ಅಲ್ಲಿ ದಾರಿ ತಪ್ಪುವುದಿಲ್ಲ.

ನಮ್ಮ ಪಂಡಿತರ ಲೇಖನಿಯೂ ಶುದ್ಧವಾಗಿ ಉಳಿಯಲಿಲ್ಲ ಎಂಬುದನ್ನು ಇಲ್ಲಿಯೇ ಹೇಳಬೇಕು. ಹದಿನೇಳನೆಯ ಶತಮಾನದ ಧರಣಿ ಪಂಡಿತನ ಬಿಜ್ಜಳರಾಯ ಚರಿತೆಯಲ್ಲಿ ಬಸವಣ್ಣ ವಿಷದ ಹಣ್ಣಿನಿಂದ ರಾಜನನ್ನು ಕೊಲ್ಲಿಸುವ ಸಂಚುಗಾರ. ಘಟನೆಯಾಗಿ ಸುಮಾರು ಐದು ಶತಮಾನಗಳ ನಂತರ, ಸೋತ ನೆನಪೊಂದು ತನ್ನ ಶತ್ರುವನ್ನು ಹೀಗೆ ಕಡೆದು ನಿಲ್ಲಿಸಿತು. ಎರಡೂ ಕಡೆಯ ಪುರಾಣಗಳನ್ನು ಎದುರುಬದುರು ಇಟ್ಟು ಓದದ ವಿದ್ಯಾರ್ಥಿ ಅರ್ಧ ಚರಿತ್ರೆಯನ್ನು ಮಾತ್ರ ಕಲಿಯುತ್ತಾನೆ.

ಕಲ್ಯಾಣ ಕೆಟ್ಟ ಮೇಲೆ ಹುಟ್ಟಿದ ಸಾಹಿತ್ಯಪ್ರಕಾರವೊಂದು ನಮ್ಮ ವಿಷಯಕ್ಕೆ ತೀರ ಹತ್ತಿರದ್ದು: ಕಾಲಜ್ಞಾನ. ವೀರ ವಸಂತರಾಯ ಬರುತ್ತಾನೆ, ದುಷ್ಟರು ಅಳಿಯುತ್ತಾರೆ, ಶರಣರು ಮರಳಿ ಕಲ್ಯಾಣಕ್ಕೆ ಬರುತ್ತಾರೆ ಎಂಬ ಭವಿಷ್ಯವಾಣಿಗಳು ಶತಮಾನಗಳ ಕಾಲ ಓಲೆಗಳಲ್ಲಿಯೂ ಬಾಯಿಂದ ಬಾಯಿಗೂ ಹರಿದವು. ತುಳಿತಕ್ಕೊಳಗಾದವರಿಗೆ, ಬರಗಾಲದಲ್ಲಿ ಬೆಂದವರಿಗೆ ಅದು ಸಾಂತ್ವನ. ಕಾಯುವುದನ್ನು ಕಲಿಸುವ ಸಾಹಿತ್ಯ ಅದು. ಆದರೆ ಭವಿಷ್ಯವಾಣಿಗೆ ಒಡೆಯನಿಲ್ಲ. ಬಂದವನು ನಾನೇ ಎಂದು ಯಾರಾದರೂ ಹೇಳಬಹುದು. 1920ರ ದಶಕದಲ್ಲಿ ಗದಗಿನಲ್ಲಿ ಸಿದ್ದೀಕ್ ಹುಸೇನ್ ಎಂಬ ಧರ್ಮಪ್ರಚಾರಕರು ಕಾಲಜ್ಞಾನದ ಮಾತುಗಳನ್ನು ಆಧಾರವಾಗಿಟ್ಟು ತಾವೇ ಚನ್ನಬಸವೇಶ್ವರರೆಂದು ಸಾರಿ ದೀನ್‌ದಾರ್ ಅಂಜುಮನ್ ಸಂಸ್ಥೆಯನ್ನು ಕಟ್ಟಿದರು. ಲಿಂಗಾಯತರಿಂದ ತೀವ್ರ ವಿರೋಧ ಬಂತು. ಅವರು 1952ರಲ್ಲಿ ತೀರಿಕೊಂಡರು. ಅರ್ಧ ಶತಮಾನ ಕಳೆಯುವಷ್ಟರಲ್ಲಿ, 2000ದ ಜೂನ್ ಮತ್ತು ಜುಲೈ ತಿಂಗಳಲ್ಲಿ, ವಾಡಿ, ಹುಬ್ಬಳ್ಳಿ, ಬೆಂಗಳೂರುಗಳ ಚರ್ಚುಗಳಲ್ಲಿ ಬಾಂಬುಗಳು ಸಿಡಿದವು. ಆ ಸಂಸ್ಥೆಗೆ ಸೇರಿದ ಇಪ್ಪತ್ತಕ್ಕೂ ಹೆಚ್ಚು ಮಂದಿಯನ್ನು 2008ರಲ್ಲಿ ಬೆಂಗಳೂರಿನ ವಿಶೇಷ ನ್ಯಾಯಾಲಯ ತಪ್ಪಿತಸ್ಥರೆಂದು ತೀರ್ಪಿತ್ತಿತು. ಇದನ್ನು ಒಂದು ಸಮುದಾಯದ ತಲೆಗೆ ಕಟ್ಟುವುದು ಅನ್ಯಾಯ, ಕೃತ್ಯ ಕೆಲವರದು. ಹುಬ್ಬಳ್ಳಿಯ ಜನರಿಗೆ ಅದು ಅಪರಾಧದ ಸುದ್ದಿಯಾಗಿ ನೆನಪಿದೆ. ಸಾಹಿತ್ಯ ಓದುವವರು ಅದರ ಹಿಂದಿನ ನೂಲನ್ನೂ ನೋಡಬೇಕು: ಸೋತವರ ಸಮಾಧಾನಕ್ಕೆ ಹುಟ್ಟಿದ ಒಂದು ಕನ್ನಡ ಪ್ರಕಾರವನ್ನು, ಅದು ಹುಟ್ಟಿದ ಪರಂಪರೆಗೆ ಹೊರಗಿನವರು ಎತ್ತಿಕೊಂಡು ತಮ್ಮ ಅವತಾರಕ್ಕೆ ಪ್ರಮಾಣಪತ್ರ ಮಾಡಿಕೊಂಡರು.

ಇನ್ನು ಕೇವಲ ಹಸಿವಿನ ಚರಿತ್ರೆ. 1875ರ ಮೇ ತಿಂಗಳಲ್ಲಿ ಪುಣೆ ಜಿಲ್ಲೆಯ ಸುಪೆಯಲ್ಲಿ ರೈತರು ಸಾಹುಕಾರರ ಮೇಲೆ ಎದ್ದರು. ಧಾರವಾಡವೂ ಆಗ ಅದೇ ಮುಂಬಯಿ ಪ್ರಾಂತದಲ್ಲಿತ್ತು. ಸಾಹುಕಾರರು ಮಾರವಾಡಿಗಳು, ಗುಜರಾತಿಗಳು. ಅವರಲ್ಲಿ ಜೈನರೂ ಇದ್ದರು. ಬೇರೆ ಭಾಷೆ, ಬೇರೆ ಮತ, ಮೇಲೆ ಸಾಲ: ಮತದ್ವೇಷಕ್ಕೆ ಇದಕ್ಕಿಂತ ಒಣಗಿದ ಕಟ್ಟಿಗೆ ಬೇಕೆ? ಆದರೂ ರೈತರು ಕೇಳಿದ್ದು ಸಾಲದ ಪತ್ರಗಳನ್ನು, ಸುಟ್ಟದ್ದೂ ಹೆಚ್ಚಾಗಿ ಅವನ್ನೇ. ಹಲ್ಲೆಗಳು ವಿರಳ. ಫಲವಾಗಿ 1879ರಲ್ಲಿ ದಖ್ಖನ್ ರೈತರ ಪರಿಹಾರ ಕಾಯ್ದೆ ಬಂತು. ಅಷ್ಟರೊಳಗೆ, ದಂಗೆಯ ಮರುವರ್ಷವಾದ 1876ರಲ್ಲಿಯೇ, ನಮ್ಮ ಕಡೆಗೆ ಭೀಕರ ಬರ ಬಂದಿತ್ತು. 1872ರಲ್ಲಿ ಸುಮಾರು 9,88,000 ಇದ್ದ ಧಾರವಾಡ ಜಿಲ್ಲೆಯ ಜನಸಂಖ್ಯೆ 1881ರ ಗಣತಿಗೆ ಸುಮಾರು 8,83,000ಕ್ಕೆ ಇಳಿದಿತ್ತು. ಸತ್ತವರು, ಗುಳೆ ಹೋದವರು ಎಲ್ಲ ಸೇರಿ ಒಂದು ಲಕ್ಷಕ್ಕೂ ಮೇಲೆ. ಅಂಥ ಹಸಿವು ಜನರನ್ನು ಗುಳೆ ಎಬ್ಬಿಸಿತು, ಗಂಜಿಕೇಂದ್ರಕ್ಕೆ ಒಯ್ದಿತು, ಮಣ್ಣು ಮಾಡಿತು. ಅದು ಧರ್ಮಯುದ್ಧವನ್ನು ಹುಟ್ಟಿಸಲಿಲ್ಲ.

ನೂರು ವರ್ಷಗಳ ಮೇಲೆ, 1980ರ ಜುಲೈ 21ರಂದು, ನವಲಗುಂದ ಮತ್ತು ನರಗುಂದಗಳಲ್ಲಿ ಮಲಪ್ರಭಾ ಅಚ್ಚುಕಟ್ಟಿನ ರೈತರು ಅಭಿವೃದ್ಧಿ ಕರ, ನೀರಿನ ಕರಗಳ ವಿರುದ್ಧ ಬೀದಿಗಿಳಿದರು. ಗೋಲಿಬಾರಿನಲ್ಲಿ ರೈತರು ಸತ್ತರು, ರೊಚ್ಚಿಗೆದ್ದ ಗುಂಪಿನಿಂದ ಪೊಲೀಸರೂ ಸತ್ತರು. ಹಿಂಸೆ ಇತ್ತು. ಆದರೆ ಅದರ ಗುರಿ ತಹಶೀಲ್ದಾರರ ಕಚೇರಿಯಾಗಿತ್ತು, ನೆರೆಯವನ ಗುಡಿಯಲ್ಲ. ಬೇಡಿಕೆ ಏನೆಂದು ಬರೆದು ಹೇಳಬಹುದಾಗಿದ್ದುದರಿಂದ ಅದಕ್ಕೆ ಉತ್ತರವೂ ಸಾಧ್ಯವಾಯಿತು. ರಾಜ್ಯ ರೈತ ಸಂಘ ಹುಟ್ಟಿದ್ದು ಆ ಹೊತ್ತಿನಲ್ಲಿಯೇ. ಬಡತನ ಕಾಗದವನ್ನು, ಕರವನ್ನು, ಕಚೇರಿಯನ್ನು ನೋಡುತ್ತದೆ. ಅದರ ದೃಷ್ಟಿಯನ್ನು ಪಕ್ಕದವನ ದೇವರ ಕಡೆಗೆ ತಿರುಗಿಸಲು ಬೇರೊಬ್ಬನ ಕೈ ಬೇಕು. ಅಬ್ಬಲೂರಿನ ಮೂರು ದತ್ತಿಗಳನ್ನು ಓದಿದ ಮೇಲೆ, ಆ ಕೈಗೆ ಏನು ದಕ್ಕಿತು ಎಂದು ಕೇಳದೆ ಇರಲು ನನಗಾಗುವುದಿಲ್ಲ.

ಇದೇ ಪ್ರಶ್ನೆಯನ್ನು ಹಿಡಿದು ಶ್ರವಣಬೆಳಗೊಳದ 1368ರ ಬುಕ್ಕರಾಯನ ಶಾಸನವನ್ನು ಮತ್ತೆ ಓದುವುದು ಒಳ್ಳೆಯದು. ಸರ್ವಧರ್ಮ ಸಮನ್ವಯದ ಪಾಠವೆಂದು ಶಾಲೆಯ ಪುಸ್ತಕಗಳು ಅದನ್ನು ಹೊಗಳಿ ಮುಗಿಸುತ್ತವೆ. ಅದರಲ್ಲಿರುವ ಲೆಕ್ಕಾಚಾರದ ಕಡೆಗೆ ಯಾರೂ ಹೋಗುವುದಿಲ್ಲ. ಆನೆಗೊಂದಿ, ಹೊಸಪಟ್ಟಣ, ಪೆನುಗೊಂಡೆ, ಕಲ್ಲೇಹ ಮೊದಲಾದ ನಾಡುಗಳ ಜೈನರು, ಶ್ರೀವೈಷ್ಣವರಿಂದ ತಮಗಾದ ಅನ್ಯಾಯವನ್ನು ರಾಜನಿಗೆ ಬಿನ್ನವಿಸಿದರು. ರಾಜನು ಹದಿನೆಂಟು ನಾಡಿನ ಶ್ರೀವೈಷ್ಣವರ ಸಮಕ್ಷಮದಲ್ಲಿ ಜೈನರ ಕೈಯನ್ನು ವೈಷ್ಣವರ ಕೈಯಲ್ಲಿಟ್ಟು, ಎರಡು ದರ್ಶನಗಳಿಗೂ ಭೇದವಿಲ್ಲವೆಂದ. ಪಂಚಮಹಾವಾದ್ಯ ಮತ್ತು ಕಳಶಗಳು ಜೈನರಿಗೆ ಹಿಂದಿನಂತೆಯೇ ಸಲ್ಲಲಿ ಎಂದ. ಅಷ್ಟಕ್ಕೇ ನಿಲ್ಲಿಸಿದ್ದರೆ ಅದು ಬರಿಯ ಒಳ್ಳೆಯ ಮಾತಾಗುತ್ತಿತ್ತು. ರಾಜ್ಯದ ಜೈನರು ಮನೆಬಾಗಿಲಿಗೆ ವರ್ಷಕ್ಕೆ ಒಂದು ಹಣದಂತೆ ಕೊಡಬೇಕು. ಆ ಹಣದಿಂದ ತಿರುಮಲೆಯ ತಾತಯ್ಯನವರು ಬೆಳಗೊಳದ ದೇವರ ಅಂಗರಕ್ಷಣೆಗೆ ಇಪ್ಪತ್ತು ಆಳುಗಳನ್ನು ನೇಮಿಸಬೇಕು. ಮಿಕ್ಕ ಹಣದಲ್ಲಿ ಜೀರ್ಣವಾದ ಜಿನಾಲಯಗಳಿಗೆ ಸುಣ್ಣ ಹೊಡೆಸಬೇಕು.

ರಕ್ಷಣೆಗೆ ಬೆಲೆ ತೆತ್ತವರು ಜೈನರೇ ಎಂಬುದನ್ನು ಮರೆಯಬಾರದು. ದೂರು ಕೊಟ್ಟವನೇ ಸಂಬಳ ಕಟ್ಟಿದ ಹಾಗೆ. ಈ ಅಸಮಾನತೆ ನನ್ನನ್ನು ಇಂದಿಗೂ ಚುಚ್ಚುತ್ತದೆ. ಆದರೂ ಆ ಇಪ್ಪತ್ತು ಮಂದಿಯನ್ನು ಕುರಿತು ಯೋಚಿಸುತ್ತೇನೆ. ಅವರನ್ನು ನೇಮಿಸುವ ಅಧಿಕಾರ ವೈಷ್ಣವರದು. ಹಾಗಾದರೆ ಅವರೂ ಬಹುಮಟ್ಟಿಗೆ ಆ ಕಡೆಯ ಸಾಮಾನ್ಯರೇ ಇರಬೇಕು. ಮತ್ತೊಂದು ವರ್ಷ, ಮತ್ತೊಬ್ಬ ಮುಂದಾಳಿನ ಹಿಂದೆ, ಬಸದಿಯ ಕಳಶ ಕೀಳಲು ಬಂದಿರಬಹುದಾಗಿದ್ದವರೇ. ಬುಕ್ಕರಾಯನ ಲೆಕ್ಕದಲ್ಲಿ ಅವರ ಕೂಳು ಆ ಬಸದಿ ನಿಂತಿರುವುದರ ಮೇಲೆ ನಿಂತಿತು. ಅವರ ಹೆಸರುಗಳನ್ನೂ ಶಾಸನ ಬರೆದಿಲ್ಲ, ಅಬ್ಬಲೂರಿನ ಒಕ್ಕಲುಗಳ ಹೆಸರನ್ನು ಬರೆಯದಿದ್ದ ಹಾಗೆಯೇ. ಸಂಖ್ಯೆಯನ್ನು ಮಾತ್ರ ಬರೆದಿದೆ: ಇಪ್ಪತ್ತು.